ಹೆಣ ಹಾಕಿದ ಗಂಟು

ಸತ್ತವರ ಸಾಲಿನಲ್ಲಿ ಮುಂದೆ ನಿಲ್ಲಬಾರದು ಎಂಬ ಬುದ್ಧಿಯನ್ನು ಲಾಳಿಯಮ್ಮ ಶೂಟಿಂಗಿಗೆ ಸೇರಿದ ಮೊದಲ ವಾರದಲ್ಲೇ ಕಲಿತಿದ್ದಳು. ಮುಂದೆ ನಿಂತರೆ ಮುಖ ಕ್ಯಾಮೆರಾಕ್ಕೆ ಕಾಣುತ್ತದೆ. ಮುಖ ಕಂಡ ಹೆಣವನ್ನು ಹೀರೋ ಹೊಡೆದು ಕೆಡವುತ್ತಾನೆ. ಹಾಗೆ ಒಮ್ಮೆ ಬಿದ್ದ ಮುಖಕ್ಕೆ ಆ ಧಾರಾವಾಹಿಯಲ್ಲಿ ಮತ್ತೆ ಕೆಲಸವಿಲ್ಲ. ನೋಡುವವರು ಗುರುತು ಹಿಡಿದು ನಗುತ್ತಾರಂತೆ. ಅದಕ್ಕೇ ಅನುಭವಸ್ಥ ಹೆಣಗಳೆಲ್ಲ ಹಿಂದಿನ ಸಾಲಿಗೆ ನುಗ್ಗುತ್ತಿದ್ದವು. ಬೆಳಿಗ್ಗೆ ಗೇಟು ತೆರೆದರೆ ಸಾಕು, ಮೊಣಕೈಯಿಂದ ತಿವಿಯುವುದು, ಕಾಲು ತುಳಿಯುವುದು, ಬಣ್ಣ ಬಳಿದ ಬಾಯಿಂದ ಬೈಯುವುದು. ಬದುಕಿದ್ದವರ ಜಗಳಕ್ಕಿಂತ ಸತ್ತವರ ಜಗಳ ಜೋರು ಎಂದು ಮೇಕಪ್ಪಿನವನು ನಗುತ್ತಿದ್ದ.

ಧಾರಾವಾಹಿಯ ಕಥೆ ಬಹಳ ದೊಡ್ಡದೇನಲ್ಲ. ಯಾವುದೋ ರೋಗ ಬಂದು ಜಗತ್ತೆಲ್ಲ ಸತ್ತಿದೆ. ಸತ್ತವರು ಸುಮ್ಮನೆ ಮಲಗದೆ ಎದ್ದು ನಡೆಯುತ್ತಿದ್ದಾರೆ, ಸಿಕ್ಕವರನ್ನು ಕಚ್ಚುತ್ತಿದ್ದಾರೆ. ಬದುಕಿ ಉಳಿದ ನಾಲ್ಕಾರು ಜನರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ. ಪ್ರಪಂಚ ಮುಳುಗಿದರೂ ಅವರು ಒಬ್ಬರ ಕೈ ಒಬ್ಬರು ಬಿಡುವುದಿಲ್ಲ. ಅದನ್ನು ನೋಡಿ ಮನೆಮನೆಯಲ್ಲೂ ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಶೂಟಿಂಗ್ ಮುಗಿದ ಕೂಡಲೇ ಆ ಗಂಡ ಒಂದು ವ್ಯಾನು ಹತ್ತುತ್ತಿದ್ದ, ಆ ಹೆಂಡತಿ ಇನ್ನೊಂದು. ದಾರಿಯಲ್ಲಿ ಎದುರಾದರೆ ಫೋನು ನೋಡುತ್ತಿದ್ದರು.

ಶೂಟಿಂಗ್ ನಡೆಯುತ್ತಿದ್ದದ್ದು ಮುಚ್ಚಿಹೋದ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ. ಅದು ಲಾಳಿಯಮ್ಮ ಮತ್ತು ಅವಳ ಗಂಡ ಇಬ್ಬರೂ ಹರೆಯದಿಂದ ನೇಯ್ದ ಶೆಡ್ಡು. ಮಗ್ಗಗಳನ್ನು ಗುಜರಿಯವನು ಬಿಚ್ಚಿ ಒಯ್ದಿದ್ದ. ನೆಲದಲ್ಲಿ ಬೋಲ್ಟುಗಳ ತಲೆ ಮಾತ್ರ ಉಳಿದಿದ್ದವು, ಹಲ್ಲು ಬಿದ್ದ ಬಾಯಿಯ ಬೇರುಗಳಂತೆ. ಒಡೆದ ಕಿಟಕಿಗಳನ್ನು ನೋಡಿ ಡೈರೆಕ್ಟರು, 'ಇದಕ್ಕೆ ನಾವು ಏನೂ ಮಾಡೋದೇ ಬೇಡ, ಪ್ರಳಯ ಆಗ್ಲೇ ಆಗಿ ಹೋಗಿದೆ' ಎಂದಿದ್ದರಂತೆ. ಹಳೆಯ ಕೆಲಸಗಾರರನ್ನೇ ಹೆಣಗಳಾಗಿ ಕರೆದುಕೊಂಡದ್ದು ಜನ ಒದಗಿಸುವ ಏಜೆಂಟನ ಬುದ್ಧಿ. ಹತ್ತಿರದವರು, ಹಸಿದವರು, ಮುಖದಲ್ಲಿ ಆಗಲೇ ಅರ್ಧ ಮೇಕಪ್ಪು ಇರುವವರು.

ಲಾಳಿಯಮ್ಮ ಎಂಬುದು ಮಿಲ್ಲಿನ ಹೆಸರು. ಮಗ್ಗದ ಲಾಳಿಯ ಹಾಗೆ ಒಂದು ಕಡೆ ನಿಲ್ಲದೆ ಅತ್ತಿತ್ತ ಓಡುವವಳು ಎಂದು ಯಾರೋ ಕರೆದದ್ದು ಅಂಟಿಕೊಂಡಿತು. ಅವಳ ಗಂಡನಿಗೆ ಹೆಸರು ಅಂಟಿಸಿದ್ದು ಮಾತ್ರ ಶೂಟಿಂಗಿನ ಜನ: ಗುಮ್ಮ. ಯಾರು ಹಿಂದಿನಿಂದ ಕರೆದರೂ ತಿರುಗುವುದಿಲ್ಲ, ಬೈದರೂ ಸಿಟ್ಟಾಗುವುದಿಲ್ಲ, ಜೋಕು ಹೇಳಿದರೆ ನಗುವುದಿಲ್ಲ. ಎಷ್ಟು ಜಂಬ ಈ ಮನುಷ್ಯನಿಗೆ ಎಂದು ಎಲ್ಲರೂ ಅವನನ್ನು ದ್ವೇಷಿಸುತ್ತಿದ್ದರು. ಲಾಳಿಯಮ್ಮ ಅದನ್ನು ತಿದ್ದಲು ಹೋಗಲಿಲ್ಲ. ಜಂಬ ಅಂದುಕೊಂಡರೆ ಬೈಗುಳ ಬರುತ್ತದೆ, ನಿಜ ಗೊತ್ತಾದರೆ ಗೇಟು ಮುಚ್ಚುತ್ತದೆ.

ನಿಜ ಏನೆಂದರೆ ಗುಮ್ಮನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮಗ್ಗಗಳ ಸದ್ದು ವರ್ಷಾನುಗಟ್ಟಲೆ ಬಡಿದು ಬಡಿದು ಎರಡು ಕಿವಿಯನ್ನೂ ತಿಂದುಹಾಕಿತ್ತು. ಎದುರು ನಿಂತು ಮಾತಾಡಿದರೆ ತೊಂದರೆಯೇ ಇಲ್ಲ. ಆ ಶೆಡ್ಡಿನಲ್ಲಿ ನೇಯ್ದವರೆಲ್ಲ ತುಟಿ ನೋಡಿಯೇ ಮಾತಾಡಿದವರು. ಆ ಗದ್ದಲದಲ್ಲಿ ಕಿವಿ ಇದ್ದವರಿಗೂ ಕೇಳಿಸುತ್ತಿರಲಿಲ್ಲ. ಆದರೆ ಶೂಟಿಂಗಿನಲ್ಲಿ ಹೆಣಗಳ ತುಟಿ ಕಾಣುವುದಿಲ್ಲ, ಅಲ್ಲಿ ರಬ್ಬರಿನ ಹರಿದ ಬಾಯಿ ಅಂಟಿಸುತ್ತಾರೆ. ಅಪ್ಪಣೆಯೆಲ್ಲ ಬರುವುದು ಹಿಂದಿನಿಂದ, ಮೈಕಿನಲ್ಲಿ. ಲಾರಿ ಬರುತ್ತದೆ, ಬೆಂಕಿ ಹಚ್ಚುತ್ತಾರೆ, ಮೇಲಿಂದ ತೊಲೆ ಬೀಳಿಸುತ್ತಾರೆ. ಕೇಳಿಸದವನನ್ನು ಅಂಥ ಕಡೆ ಯಾರು ಇಟ್ಟುಕೊಳ್ಳುತ್ತಾರೆ?

ಅದಕ್ಕೆ ಲಾಳಿಯಮ್ಮ ಒಂದು ಉಪಾಯ ಮಾಡಿದ್ದಳು. ತನ್ನ ಚಿಂದಿ ಕೋಟಿನ ಬೆನ್ನಿಗೆ ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ಹೊಲಿದು, ಅದರ ತುದಿಯನ್ನು ಹಿಂದೆ ನಡೆಯುವ ಗಂಡನ ಮಣಿಕಟ್ಟಿಗೆ ಸುತ್ತಿದಳು. ಅವಳು ನಡೆದರೆ ಅವನು ನಡೆಯುವುದು. ಒಮ್ಮೆ ಜಗ್ಗಿದರೆ ನಿಲ್ಲುವುದು, ಎರಡು ಸಲ ಜಗ್ಗಿದರೆ ಬೀಳುವುದು. ಕೇಳಿದವರಿಗೆ, 'ಕೋಟು ಹರಿದಿದೆ, ಹೆಣದ ಕೋಟಿಗೆ ಹೊಲಿಗೆ ಹಾಕಿಸ್ತಾರಾ ಯಾರಾದ್ರೂ?' ಎನ್ನುತ್ತಿದ್ದಳು. ಹೀಗೆ ಒಂದು ವರ್ಷಕ್ಕೂ ಹೆಚ್ಚು ನಡೆಯಿತು. ನಿಜ ಗೊತ್ತಿದ್ದದ್ದು ಒಬ್ಬಳಿಗೆ, ಅವಳ ನಾದಿನಿಗೆ. ಅವಳೂ ಅದೇ ಸಾಲಿನ ಹೆಣ. ಅತ್ತಿಗೆ ನಾದಿನಿ ಎಂದರೆ ಎಣ್ಣೆ ಸೀಗೆಕಾಯಿ. ಅಣ್ಣನ ಅನ್ನಕ್ಕೆ ಕಲ್ಲು ಬೀಳುತ್ತದೆಂದು ನಾದಿನಿ ಬಾಯಿ ಮುಚ್ಚಿಕೊಂಡಿದ್ದಳೇ ಹೊರತು ಅತ್ತಿಗೆಯ ಮೇಲಿನ ಪ್ರೀತಿಗಲ್ಲ.

ಕೆಟ್ಟದ್ದು ಬಂದದ್ದು ಆ ಬಟ್ಟೆಯಿಂದಲೇ. ಮೂರನೇ ಸಾಲಿನಲ್ಲಿ ಎಷ್ಟು ಅಡಗಿದರೂ ನೋಡುವವರ ಕಣ್ಣು ಬಿಡಬೇಕಲ್ಲ? ಒಂದೇ ಬಟ್ಟೆ ಹಿಡಿದು ಬಿಡದೆ ನಡೆಯುವ ಎರಡು ಹೆಣ ಯಾವುವು ಎಂದು ಜನ ಫೋನುಗಳಲ್ಲಿ ಕೇಳತೊಡಗಿದರು. ಸತ್ತ ಮೇಲೂ ಜೊತೆ ಬಿಡದ ಜೋಡಿ ಎಂದು ಹೆಸರಿಟ್ಟರು. ಹೀರೋ ಹೀರೋಯಿನ್ನಿಗಿಂತ ಇವರೇ ವಾಸಿ ಎಂದು ಯಾರೋ ಬರೆದದ್ದು ಹೀರೋಯಿನ್ನಿನ ಕಣ್ಣಿಗೂ ಬಿತ್ತು. ಅದಾದ ಮೇಲೆ ಏಜೆಂಟ ಒಂದು ಬೆಳಿಗ್ಗೆ ಲಾಳಿಯಮ್ಮನನ್ನು ಬಟ್ಟೆ ಕೋಣೆಯ ಪಕ್ಕಕ್ಕೆ ಕರೆದ.

"ನಿನ್ನ ಅದೃಷ್ಟ ಖುಲಾಯಿಸ್ತು ಲಾಳಿಯಮ್ಮ. ಡೈರೆಕ್ಟರು ನಿಮ್ಮಿಬ್ಬರ ಮೇಲೆ ಒಂದು ಸೀನು ಬರೆಸಿದ್ದಾರೆ."

"ಯಾರು ಸಾಯ್ತಾರೆ?" ಎಂದಳು ಅವಳು ನೇರವಾಗಿ.

"ನೀನು. ಹೀರೋ ಬಂದು ಆ ಬಟ್ಟೆ ಕತ್ತರಿಸ್ತಾನೆ, ನಿನ್ನ ಹೊಡೀತಾನೆ. ನಿನ್ನ ಮುಖ ಟೀವಿ ತುಂಬ. ನಿನ್ನ ಗಂಡ ತಿರುಗಿ ಕೂಡ ನೋಡದೆ ಹೊರಟುಹೋಗ್ತಾನೆ. ಆಗ ಹೀರೋಯಿನ್ನು ಹೇಳ್ತಾಳೆ, ನೋಡು, ಸತ್ತವರಿಗೆ ಸಂಬಂಧ ಇರಲ್ಲ, ಅದೆಲ್ಲ ಬದುಕಿರೋರಿಗೆ, ಅಂತ. ಅಲ್ಲಿಗೆ ಜನರ ಬಾಯೂ ಮುಚ್ಚುತ್ತೆ."

ಲಾಳಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ತಾನು ಹೋದರೆ ಮಾರನೆಯ ದಿನ ಗುಮ್ಮ ಯಾರ ಬೆನ್ನು ನೋಡಿಕೊಂಡು ನಡೆಯುವುದು? ಮೊದಲ ಮೈಕಿಗೇ ಸಿಕ್ಕಿಬೀಳುತ್ತಾನೆ. ಅದೂ ಅಲ್ಲದೆ ಲಾರಿ ಬಂದರೆ? ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಅವಳ ತಲೆಗೆ ಹೊಳೆದದ್ದು ಒಂದೇ ದಾರಿ.

"ಅವರನ್ನೇ ಸಾಯಿಸಿ," ಎಂದಳು. "ನನ್ನ ಬಿಡಿ. ನಾನು ತಿರುಗಿ ನೋಡದೆ ಹೋಗ್ತೀನಿ, ಬೇಕಾದ್ರೆ ತುಳ್ಕೊಂಡು ಹೋಗ್ತೀನಿ."

ಏಜೆಂಟ ಬಾಯಿ ತೆರೆದವನು ತೆರೆದ ಹಾಗೇ ಇದ್ದ. ಆಮೇಲೆ ಹೊಟ್ಟೆ ಹಿಡಿದು ನಕ್ಕ. ನಕ್ಕು ಸುಮ್ಮನಿರಲಿಲ್ಲ, ಮೇಕಪ್ಪಿನವನಿಗೆ ಹೇಳಿದ. ಅವನು ಬಳಿಯುತ್ತಿದ್ದ ಪ್ರತಿ ಮುಖಕ್ಕೂ ಬಣ್ಣದ ಜೊತೆ ಆ ಸುದ್ದಿಯನ್ನೂ ಬಳಿದ. ಮಧ್ಯಾಹ್ನ ಊಟದ ಸಾಲಿಗೆ ಬರುವಷ್ಟರಲ್ಲಿ ಲಾಳಿಯಮ್ಮನ ತಟ್ಟೆಯ ಮುಂದೆ ಜಾಗವೇ ಇರಲಿಲ್ಲ, ಎಲ್ಲರೂ ತಿರುಗಿ ನಿಂತು ನೋಡುತ್ತಿದ್ದರು.

"ದಾರಿ ಬಿಡ್ರಪ್ಪ," ಎಂದಿತು ಅರ್ಧ ತಲೆ ಇಲ್ಲದ ಒಂದು ಹೆಣ. "ತಡೆದರೆ ನಮ್ಮನ್ನೂ ಸಾಯಿಸಿಬಿಡ್ತಾಳೆ."

"ನಮ್ಮ ಮನೆಯವಳಿಗೆ ಹೇಳ್ಬೇಡ ತಾಯಿ," ಎಂದಿತು ಇನ್ನೊಂದು. "ಅವಳಿಗೆ ಈ ಉಪಾಯ ಹೊಳೆದಿಲ್ಲ ಇನ್ನೂ."

ನಾದಿನಿ ತಟ್ಟೆ ಕೆಳಗಿಟ್ಟು ಬಂದಳು. ಒಂದು ಕಣ್ಣಿಗೆ ಮೇಕಪ್ಪು ಆಗಿತ್ತು, ಇನ್ನೊಂದಕ್ಕೆ ಆಗಿರಲಿಲ್ಲ. ಆಗದ ಕಣ್ಣು ಕೆಂಪಗಿತ್ತು.

"ನಮ್ಮಣ್ಣನ ಕತ್ತು ಕೊಯ್ಯಿ ಅಂತ ಬೇಡ್ಕೊಂಡ್ಯಂತೆ ಅತ್ತಿಗೆ?"

"ಟೀವಿಲಿ," ಎಂದಳು ಲಾಳಿಯಮ್ಮ.

"ಮನಸ್ಸಲ್ಲಿ ಇದ್ದದ್ದೇ ಬಾಯಿಗೆ ಬರೋದು. ನಿನ್ನ ಮುಖ ಉಳೀಬೇಕು, ಅವನು ಮನೇಲಿ ಕೂತು ನಿನ್ನ ಕೈ ನೋಡ್ಬೇಕು. ಮೂಗುದಾರ ಹಾಕಿದ ಹಾಗೆ ಬಟ್ಟೆ ಕಟ್ಟಿ ಎಳ್ಕೊಂಡು ತಿರುಗಿದ್ದು ಸಾಲಲಿಲ್ಲ ಅಲ್ವಾ?"

"ಮೆತ್ತಗೆ ಮಾತಾಡು."

"ಯಾಕೆ ಮೆತ್ತಗೆ? ಯಾರಿಗೆ ಕೇಳ್ಸುತ್ತೆ ಅಂತ?" ಎಂದ ನಾದಿನಿ ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಸುತ್ತ ಇದ್ದವರು ಏನೂ ಅರ್ಥವಾಗದೆ ನಗುತ್ತಲೇ ಇದ್ದರು. ಸ್ವಲ್ಪ ದೂರದ ಕಂಬಕ್ಕೆ ಒರಗಿ ಗುಮ್ಮ ಊಟ ಮಾಡುತ್ತಿದ್ದ. ತಂಗಿಯ ತುಟಿಗೆ ಇನ್ನೂ ರಬ್ಬರು ಅಂಟಿಸಿರಲಿಲ್ಲ. ಅವನು ಆ ಕಡೆಯೇ ನೋಡುತ್ತಿದ್ದ.

ಡೈರೆಕ್ಟರು ಲಾಳಿಯಮ್ಮನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗುಮ್ಮನ ನಡಿಗೆ ಅವರಿಗೆ ಬೇಕಾಗಿತ್ತು. ಮಗ್ಗದ ಮುಂದೆ ವರ್ಷಗಟ್ಟಲೆ ನಿಂತ ಕಾಲು. ಮಂಡಿ ಬಾಗುವುದಿಲ್ಲ, ಒಂದು ಪಾದ ನೆಲ ಸವರಿಕೊಂಡು ಬರುತ್ತದೆ. ಅಂಥ ಹೆಣ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದರು. ಲಾಳಿಯಮ್ಮ ಸೋತ ಕಡೆಯಿಂದಲೇ ಇನ್ನೊಂದು ಎಳೆ ಹಿಡಿದಳು. ಸಾಯಲು ಒಪ್ಪುತ್ತೇನೆ, ಆದರೆ ಸತ್ತ ಮೇಲೆ ನನ್ನನ್ನು ಬಟ್ಟೆ ಕೋಣೆಗೆ ಹಾಕಬೇಕು ಎಂದಳು. ಹೊಸ ಬಟ್ಟೆಯನ್ನು ಬೂದಿಯಲ್ಲಿ ಹೊರಳಿಸಿ, ಕಲ್ಲಿಗೆ ತಿಕ್ಕಿ, ಬ್ಲೇಡಿನಿಂದ ಹರಿದು ಹೆಣದ ಬಟ್ಟೆ ಮಾಡುವ ಕೆಲಸ ಅದು. ಅಲ್ಲಿದ್ದರೆ ಶೆಡ್ಡಿನ ಒಳಗೇ ಇರಬಹುದು, ಕ್ಯಾಮೆರಾದ ಹಿಂದೆ ನಿಂತು ಗಂಡನಿಗೆ ಕಾಣುವ ಹಾಗೆ ಕೈ ಆಡಿಸಬಹುದು. ಏಜೆಂಟ ಗೊಣಗಿದ, ಆದರೆ ಒಪ್ಪಿದ. ನೇಯುತ್ತಿದ್ದವಳ ಕೈಯಿಂದ ಬಟ್ಟೆ ಹರಿಸುವುದರಲ್ಲಿ ಅವನಿಗೆ ಏನೋ ಖುಷಿ ಕಂಡಿತು.

ಅವರ ಮನೆ ಎಂದರೆ ಒಂದು ಕೋಣೆ, ಅದರ ಮುಂದೆ ಉದ್ದನೆಯ ಓಣಿಯಂಥ ಹಜಾರ, ಹಜಾರದುದ್ದಕ್ಕೂ ಬೇರೆಯವರ ಬಾಗಿಲುಗಳು. ಗುಮ್ಮನಿಗೆ ತನ್ನ ದನಿ ಎಷ್ಟು ದೊಡ್ಡದು ಎಂದು ತಿಳಿಯುತ್ತಿರಲಿಲ್ಲ. ಅವನು ಪಿಸುಗುಟ್ಟಿದರೆ ಕೆಳಗಿನ ಮಹಡಿಯವರು ಉತ್ತರ ಕೊಡುತ್ತಿದ್ದರು. ಶೂಟಿಂಗಿನಲ್ಲಿ ಅವನು ಬಾಯಿಯೇ ಬಿಡದೆ ಇದ್ದದ್ದು ಅದಕ್ಕೇ. ಆ ಸಂಜೆ ಮುಖದ ಬೂದಿ ತೊಳೆದುಕೊಂಡು ಅವನು ಹೆಂಡತಿಯ ಎದುರು ಕೂತ.

"ನನ್ನ ಕತ್ತು ಕೊಯ್ಯಿ ಅಂದ್ಯಂತೆ?"

ಹಜಾರದಲ್ಲಿ ಯಾರದೋ ಪಾತ್ರೆಯ ಸದ್ದು ನಿಂತಿತು. ಲಾಳಿಯಮ್ಮ ಬಾಗಿಲು ಹಾಕಿ ಬಂದು ತುಟಿ ಮಾತ್ರ ಆಡಿಸಿದಳು. "ಹೂಂ ಅಂದೆ."

"ಮೊಂಡು ಚಾಕು ಬೇಡ ಅಂತಾದ್ರೂ ಹೇಳಿದ್ಯಾ?"

"ನಿಮಗೆ ನಗು. ನಾನಿಲ್ದೆ ಆ ಕೊಂಪೇಲಿ ನೀವು ಒಂದು ದಿನ ಉಳೀತೀರಾ?"

"ನೀನಿಲ್ದೆ ನಾನು ಅಲ್ಲಿಗೆ ಯಾಕೆ ಹೋಗ್ಲಿ?"

"ಒಲೆ ಉರೀಬೇಕಲ್ಲ, ಅದಕ್ಕೆ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವರದು ಅಷ್ಟು ಹೊತ್ತೂ ನಡೆಯಲಿಲ್ಲ, ಕೆಲಸ ಬಹಳವಿತ್ತು. ಲಾಳಿಯಮ್ಮ ಸೀಮೆಸುಣ್ಣದಿಂದ ಹಜಾರದ ನೆಲದಲ್ಲಿ ಶೆಡ್ಡನ್ನು ಬರೆದಳು. ಇಲ್ಲಿ ಕಂಬ, ಇಲ್ಲಿ ನಾನು ಬೀಳುತ್ತೇನೆ. ಈ ದೊಡ್ಡ ಬಾಗಿಲಿಂದ ಹೀರೋನನ್ನು ಕರೆದೊಯ್ಯಲು ಲಾರಿ ಒಳಗೆ ಬರುತ್ತದೆ. ಅಷ್ಟರೊಳಗೆ ನೀವು ಶೆಡ್ಡಿನ ನಡುವೆ ಹಾದು ಎದುರಿನ ಸಣ್ಣ ಬಾಗಿಲಿಂದ ಹೊರಗೆ ಹೋಗಿರಬೇಕು. ನಿಮ್ಮ ಹಳೇ ಮಗ್ಗದ ಬೋಲ್ಟು ಇದೆಯಲ್ಲ, ಅದನ್ನು ಬಲಕ್ಕೆ ಬಿಟ್ಟು ನೇರ ನಡೆಯಿರಿ.

"ಹಿಂದೆ ಮಾತ್ರ ತಿರುಗಬೇಡಿ," ಎಂದಳು ಅವನ ಗಲ್ಲ ಹಿಡಿದು ತನ್ನ ತುಟಿಯ ಕಡೆ ತಿರುಗಿಸಿಕೊಂಡು. "ನಾನು ಬಿದ್ದಿರ್ತೀನಿ, ಜಗ್ಗೋಕಾಗಲ್ಲ. ಏನೇ ಆಗಲಿ, ತಿರುಗಬೇಡಿ."

"ಹೆಣ ಎಲ್ಲಾದ್ರೂ ತಿರುಗುತ್ತಾ?" ಎಂದ ಅವನು.

ಹಜಾರದಲ್ಲಿ ಅವರು ಬೀಳುವುದನ್ನು ಕಲಿತರು, ನಡೆಯುವುದನ್ನು ಕಲಿತರು, ಬಾಗಿಲು ದಾಟುವುದನ್ನು ಕಲಿತರು. ಪಕ್ಕದ ಮನೆಯವಳು ಹೊಸ್ತಿಲಲ್ಲಿ ನಿಂತು, 'ಇರೋ ಬದುಕನ್ನ ನೆಟ್ಟಗೆ ಬದುಕೋಕೆ ಆಗ್ದೋರು ಸಾಯೋದನ್ನ ಕಲೀತಾರೆ' ಎಂದು ಗೊಣಗಿ ನೀರು ಚೆಲ್ಲಿ ಗೆರೆ ಅಳಿಸಿದಳು. ಲಾಳಿಯಮ್ಮ ಮತ್ತೆ ಬರೆದಳು. ಒಂದನ್ನು ಮಾತ್ರ ಅವರು ಮಾಡಿ ನೋಡಲಿಲ್ಲ. ಬಟ್ಟೆ ಕತ್ತರಿಸಿ ನೋಡಲಿಲ್ಲ. ನೇಯ್ದವರ ಮನೆಯಲ್ಲಿ ಕೆಲಸವಿಲ್ಲದೆ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಅದು ಅವರಿಬ್ಬರಿಗೂ ಹೊಳೆಯಲೂ ಇಲ್ಲ.

ಸೀನಿನ ದಿನ ಶೆಡ್ಡಿನೊಳಗೆ ಹೊಗೆ ಬಿಟ್ಟಿದ್ದರು. ಕತ್ತರಿಸುವುದು ಚೆನ್ನಾಗಿ ಕಾಣಲಿ ಎಂದು ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿ, ಅದಕ್ಕೆ ರಕ್ತದ ಬಣ್ಣ ಹಾಕಿದ್ದರು. ಉಳಿದ ಹೆಣಗಳೆಲ್ಲ ಗೋಡೆಯ ಬದಿಗೆ ಸಾಲಾಗಿ ನಿಂತಿದ್ದವು. ಇಂದು ಲಾಳಿಯಮ್ಮ ಸಾಯುತ್ತಾಳೆ ಎಂದು ಅವಕ್ಕೆಲ್ಲ ಒಂದು ಬಗೆಯ ಹಬ್ಬ. ಮೂರನೇ ಸಾಲಿನಲ್ಲಿ ಒಂದು ಜಾಗ ಖಾಲಿಯಾಗುತ್ತದಲ್ಲ.

"ಮುಖ ಸ್ವಲ್ಪ ಮೇಲೆತ್ತಿ ಸಾಯಿ ಲಾಳಿಯಮ್ಮ," ಎಂದು ಯಾರೋ ಕೂಗಿದರು. "ಇಷ್ಟು ದಿನ ಬಚ್ಚಿಟ್ಟದ್ದನ್ನ ನಾವೂ ನೋಡ್ತೀವಿ."

ಅವಳು ಗಂಡನ ಮಣಿಕಟ್ಟಿಗೆ ಪಟ್ಟಿ ಸುತ್ತಿದಳು. ಮೈಕು ಕೂಗಿತು. ಅವಳು ನಡೆದಳು, ಅವನು ನಡೆದ. ಹೊಗೆಯಿಂದ ಹೀರೋ ಹೊರಬಂದ, ಕತ್ತಿ ಬೀಸಿದ, ಬಟ್ಟೆ ನಡುವಿಗೆ ಹರಿಯಿತು. ಇನ್ನೊಂದು ಬೀಸಿಗೆ ಲಾಳಿಯಮ್ಮ ಕಂಬದ ಬುಡದಲ್ಲಿ ಬಿದ್ದಳು, ಮುಖ ಮೇಲೆ, ಕಣ್ಣು ತೆರೆದು, ಹೇಳಿಕೊಟ್ಟ ಹಾಗೇ. ಕ್ಯಾಮೆರಾ ಅವಳ ಮುಖದ ಮೇಲೆ ಬಾಗಿ, ಸಾಕಾಗುವಷ್ಟು ನೋಡಿ, ಮೇಲೆದ್ದಿತು. ಅವಳು ಉಸಿರು ಬಿಗಿಹಿಡಿದು ಕಣ್ಣಂಚಿನಿಂದ ಗಂಡನ ಕಾಲನ್ನು ನೋಡಿದಳು. ಒಂದು ಹೆಜ್ಜೆ ಸವರಿತು, ಇನ್ನೊಂದು ಸವರಿತು. ಹೋಗಿ, ಹೋಗಿ ಎಂದು ಅವಳು ಮನಸ್ಸಿನಲ್ಲೇ ತಳ್ಳುತ್ತಿದ್ದಳು.

ಶೆಡ್ಡಿನ ನಡುವೆ, ತನ್ನ ಹಳೇ ಮಗ್ಗದ ಬೋಲ್ಟಿನ ಹತ್ತಿರ ಬಂದಾಗ ಗುಮ್ಮನ ಕೈಗೆ ಬಟ್ಟೆ ಹಗುರವಾದದ್ದು ತಿಳಿಯಿತು. ಅವನು ನಿಂತ.

ಮಗ್ಗದಲ್ಲಿ ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು. ಅದಕ್ಕೆ ಯೋಚನೆ ಬೇಕಿಲ್ಲ, ನೇಯುವವನ ಕೈ ಅದನ್ನು ತಾನೇ ಮಾಡುತ್ತದೆ. ನಿಲ್ಲಿಸಿ, ಹರಿದ ತುದಿ ಹುಡುಕಿ, ಎರಡು ತುದಿ ಸೇರಿಸಿ ಗಂಟು ಹಾಕಿ, ಮತ್ತೆ ಓಡಿಸಬೇಕು. ಬಿಟ್ಟು ಮುಂದೆ ಹೋದರೆ ಬಟ್ಟೆಯಲ್ಲಿ ತೂತು. ಅವನು ತಿರುಗಿದ. ನಾಲ್ಕು ಹೆಜ್ಜೆ ಹಿಂದೆ ಬಂದು, ಬಾಗದ ಮಂಡಿಯನ್ನು ಬಗ್ಗಿಸಿ, ನೆಲದಿಂದ ಅವಳ ಕೋಟಿನ ಕಡೆಯ ತುದಿಯನ್ನು ಹೆಕ್ಕಿಕೊಂಡ. ಹೆಬ್ಬೆರಳಿನ ಮೇಲೆ ಎರಡು ತುದಿ ಅಡ್ಡ ಇಟ್ಟು, ಒಂದನ್ನು ಸುತ್ತಿ, ತೂರಿಸಿ, ಎಳೆದ.

"ಕಟ್," ಎಂದು ಡೈರೆಕ್ಟರು ಅರಚಿದರು. "ಹೆಣ ಗಂಟು ಹಾಕುತ್ತೇನ್ರೀ? ಯಾರು ಹೇಳಿದ್ದು ಅವನಿಗೆ? ಕಟ್."

ಅದು ಕೇಳಿಸದವರು ಅಲ್ಲಿ ಇಬ್ಬರೇ. ಹೊರಗೆ ಎಂಜಿನ್ ಓಡಿಸಿಕೊಂಡು ಕೂತಿದ್ದ ಲಾರಿಯವನು ಒಬ್ಬ. ಅವನಿಗೆ ಕತ್ತಿ ಬೀಸಿದಾಗಲೇ ಸನ್ನೆ ಹೋಗಿತ್ತು, ಲಾರಿ ದೊಡ್ಡ ಬಾಗಿಲು ದಾಟಿ ಹೊಗೆಯೊಳಗೆ ನುಗ್ಗಿತು. ಇನ್ನೊಬ್ಬ ಅದರ ದಾರಿಯ ನಡುವೆ ಬೆನ್ನು ಹಾಕಿ ಕೂತು ಗಂಟು ಬಿಗಿಯುತ್ತಿದ್ದ. ಜನ ಕೂಗಿದರು. ಗುಮ್ಮ ತಲೆ ಎತ್ತಲಿಲ್ಲ.

"ಅಣ್ಣಂಗೆ ಕೇಳ್ಸಲ್ಲ," ಎಂದು ನಾದಿನಿ ಗೋಡೆಯ ಸಾಲು ಸೀಳಿಕೊಂಡು ಓಡಿಬಂದಳು. "ಅವನು ಕಿವುಡ, ನಿಲ್ಸಿ, ಲಾರಿ ನಿಲ್ಸಿ."

ಸತ್ತು ಬಿದ್ದಿದ್ದ ಲಾಳಿಯಮ್ಮ ಕಂಬಕ್ಕೆ ಕಾಲು ಕೊಟ್ಟು ಎದ್ದಳು. ಬೆನ್ನ ಹಿಂದಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ಮತ್ತೊಮ್ಮೆ ಜಗ್ಗಿದಳು. ಗಂಟು ಬಿಗಿಯಿತು, ಜಾರಲಿಲ್ಲ. ಎರಡು ಸಲ ಎಂದರೆ ಬೀಳುವುದು. ಗುಮ್ಮ ಹೇಳಿಕೊಟ್ಟ ಹಾಗೆ ಬಿದ್ದ, ಅವಳು ಎಳೆದ ಕಡೆಗೇ, ಕಂಬದ ಬುಡಕ್ಕೆ. ಲಾರಿಯ ಚಕ್ರ ಅವನ ಪಾದದ ಪಕ್ಕದಲ್ಲಿ ಉರುಳಿಕೊಂಡು ಹೋಗಿ, ಬ್ರೇಕು ಹಾಕಿದ ಜೋರಿಗೆ ದೀಪದ ಕಂಬವೊಂದನ್ನು ಗುದ್ದಿ ನಿಂತಿತು. ಗಾಜು ಪುಡಿಪುಡಿಯಾಗಿ ಎಲ್ಲರ ಮೇಲೂ ಬಿತ್ತು.

ಅವನು ಬದುಕಿದ ಎಂದು ಸಂತೋಷಪಟ್ಟವರು ಯಾರಾದರೂ ಇದ್ದರೋ ಏನೋ, ಬಾಯಿಬಿಟ್ಟು ಹೇಳಿದವರಿಲ್ಲ. ದೀಪ ಹೋಯಿತು, ದಿನ ಹೋಯಿತು, ಇನ್ನು ಇವತ್ತಿನ ಕೂಲಿ ಕೊಡುತ್ತಾರೋ ಇಲ್ಲವೋ ಎಂದು ಹೆಣಗಳೆಲ್ಲ ಲಾಳಿಯಮ್ಮನ ಮೇಲೆ ಹಾಯ್ದವು. ಡೈರೆಕ್ಟರು ಗುಮ್ಮನ ಮುಖಕ್ಕೆ ಮುಖ ತಂದು, ಈಗಲಾದರೂ ಕೇಳಿಸುತ್ತದಾ ಎಂದು ಕಿರುಚಿದರು. ಅಷ್ಟು ಹತ್ತಿರದಿಂದ ಅವನಿಗೆ ತುಟಿ ಚೆನ್ನಾಗಿ ಕಂಡಿತು. "ಕೇಳಿಸ್ತು ಸಾರ್," ಎಂದ ಅವನು, ಇಡೀ ಶೆಡ್ಡು ತುಂಬುವ ದನಿಯಲ್ಲಿ. ಅವನ ದನಿಯನ್ನು ಅಲ್ಲಿಯವರು ಕೇಳಿದ್ದು ಅದೇ ಮೊದಲು.

ಏಜೆಂಟ ಅವರಿಬ್ಬರನ್ನೂ ಗೇಟಿನ ತನಕ ತಳ್ಳಿಕೊಂಡು ಬಂದ. "ಕಿವುಡನ್ನ ತಂದು ನನ್ನ ತಲೆಗೆ ಕಟ್ಟಿದ್ಯಾ? ಅವನು ಸತ್ತಿದ್ರೆ ನಾನು ಜೈಲಿಗೆ ಹೋಗ್ತಿದ್ದೆ, ಗೊತ್ತಾ?"

"ನೀವು ಹೋಗಿ ವಾಪಸ್ ಬರ್ತಿದ್ರಿ, ಅವರು ಬರ್ತಿರಲಿಲ್ಲ," ಎಂದಳು ಲಾಳಿಯಮ್ಮ.

ಏಜೆಂಟ ಸುತ್ತ ನೋಡಿ ದನಿ ಇಳಿಸಿದ. "ನೋಡು, ನಿನ್ನ ಮುಖ ಚೆನ್ನಾಗಿ ಬಂದಿದೆಯಂತೆ, ಡೈರೆಕ್ಟರಿಗೆ ಹಿಡಿಸಿದೆ. ಬಟ್ಟೆ ಕೋಣೆ ಕೆಲಸ ನಿಂದೇ. ನಾಳೆಯಿಂದ ಬಾ. ಅವನು ಮಾತ್ರ ಈ ಗೇಟು ದಾಟಬಾರದು. ಒಬ್ಬರಾದ್ರೂ ದುಡಿದು ತಿನ್ನಿ."

ಮಾತು ಬುದ್ಧಿಯದೇ. ಲಾಳಿಯಮ್ಮ ಅದನ್ನು ತೂಗಿ ನೋಡಲಿಲ್ಲ ಎನ್ನುವ ಹಾಗಿಲ್ಲ. ಅವಳು ಶೆಡ್ಡಿನ ಕಡೆ ನೋಡಿದಳು. ಒಳಗೆ ಆಗಲೇ ಇನ್ನೊಂದು ದೀಪ ನಿಲ್ಲಿಸುತ್ತಿದ್ದರು. ಗುಮ್ಮ ಒಡೆದ ಗಾಜಿನ ಚೂರುಗಳನ್ನು ತನ್ನ ತೋಳಿನಿಂದ ಒಂದೊಂದಾಗಿ ಆರಿಸುತ್ತ ಬೇರೆ ಕಡೆ ನೋಡಿಕೊಂಡು ನಿಂತಿದ್ದ. ಏಜೆಂಟ ಹೇಳಿದ್ದು ಅವನಿಗೆ ಗೊತ್ತೇ ಇರಲಿಲ್ಲ. ಅವಳು ಹೇಳದಿದ್ದರೆ ಎಂದೂ ಗೊತ್ತಾಗುತ್ತಲೂ ಇರಲಿಲ್ಲ. ಅವಳು ಕೋಟು ಬಿಚ್ಚಿದಳು. ಪಟ್ಟಿಯ ಇನ್ನೊಂದು ತುದಿ ಇನ್ನೂ ಅವನ ಕೈಗೇ ಕಟ್ಟಿತ್ತು. ಅದನ್ನೂ ಬಿಚ್ಚಿ, ಕೋಟಿಗೆ ಸುತ್ತಿ, ಏಜೆಂಟನ ಎದೆಗೆ ಒತ್ತಿದಳು.

"ಹರಿಯೋ ಕೆಲಸಕ್ಕೆ ಬೇರೆಯವರನ್ನ ನೋಡ್ಕೊಳ್ಳಿ."

"ಉಪವಾಸ ಸಾಯ್ತೀಯ."

"ಸತ್ತು ಅಭ್ಯಾಸ ಇದೆ ಬಿಡಿ."

ಗೇಟಿನ ಒಳಗಿನಿಂದ ನಾದಿನಿ ನೋಡುತ್ತಿದ್ದಳು. ಅವಳು ಬಾಯಿಬಿಟ್ಟದ್ದರಿಂದ ಅಣ್ಣನ ಕೆಲಸ ಹೋಯಿತೋ, ಜೀವ ಉಳಿಯಿತೋ ಎಂದು ಅವಳಿಗೇ ತಿಳಿಯದೆ ಮುಖ ಗಂಟಿಕ್ಕಿಕೊಂಡಿತ್ತು. "ನಿನ್ನ ಕಟ್ಕೊಂಡು ಅವನು ಸುಖ ಕಂಡಿದ್ದು ಅಷ್ಟರಲ್ಲೇ ಇದೆ ಅತ್ತಿಗೆ," ಎಂದು ಮಾತ್ರ ಹೇಳಿ ತನ್ನ ಸಾಲಿಗೆ ಹೋದಳು. ಮೂರನೇ ಸಾಲಿಗೆ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಕೆಟ್ಟವರಿಗೆ ನೆಂಟರಿಲ್ಲ ಎನ್ನುವುದು ಸುಮ್ಮನೆ ಹುಟ್ಟಿದ ಮಾತಲ್ಲ. ಹಜಾರದ ಬಾಗಿಲುಗಳು ಅವರು ಬರುವಾಗ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಬಟ್ಟೆ ಒಗೆಯುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು, ಲಾಡ್ಜುಗಳ ಚಾದರ ಮಡಿಸುವ ಕೆಲಸ. ಅಷ್ಟುದ್ದದ ಚಾದರ ಒಬ್ಬರಿಂದ ಮಡಿಸಲಾಗುವುದಿಲ್ಲ. ಎರಡು ಮೂಲೆ ಒಬ್ಬರು, ಎರಡು ಮೂಲೆ ಇನ್ನೊಬ್ಬರು ಹಿಡಿದು, ಬಿಗಿಯಾಗಿ ಎಳೆದು, ಸುಕ್ಕು ತೆಗೆದು, ಎದುರುಬದುರು ನಡೆದು ಸೇರಿಸಬೇಕು. ಯಂತ್ರಗಳ ಗದ್ದಲ ಅಲ್ಲೂ ಇತ್ತು. ಅವರಿಬ್ಬರು ಮಾತ್ರ ಅದರ ನಡುವೆ ತುಟಿಯಲ್ಲಿ ದಿನವಿಡೀ ಹರಟೆ ಹೊಡೆಯುತ್ತಿದ್ದರು. ಅದನ್ನು ಕಂಡರೆ ಇಸ್ತ್ರಿಯವಳಿಗೆ ಆಗುತ್ತಿರಲಿಲ್ಲ. ತನ್ನ ಮೇಲೇ ಏನೋ ಆಡಿಕೊಳ್ಳುತ್ತಾರೆ ಎಂದು ಅವಳ ಗುಮಾನಿ. ಅರ್ಧ ದಿನ ಅದು ನಿಜವೂ ಆಗಿತ್ತು.

ಅಂಗಡಿಯ ಗೋಡೆಗೆ ಒಂದು ಟೀವಿ ಇತ್ತು. ಒಂದು ಸಂಜೆ ಇಸ್ತ್ರಿಯವಳು ಯಂತ್ರ ನಿಲ್ಲಿಸಿ ದನಿ ಏರಿಸಿದಳು. "ಬನ್ರೇ, ನಮ್ಮ ಚಾದರದಮ್ಮ ಸಾಯ್ತಾಳೆ ಇವತ್ತು."

ಹೊಗೆ ಬಂತು. ಹೀರೋ ಬಂದ. ಬಟ್ಟೆ ಹರಿಯಿತು. ಲಾಳಿಯಮ್ಮನ ಮುಖ ಗೋಡೆ ತುಂಬ ಬಿತ್ತು, ಕಣ್ಣು ತೆರೆದು. ಆಮೇಲೆ ಒಂದು ಗಂಡಸಿನ ಬೆನ್ನು ಕಾಣಿಸಿತು, ಗುಮ್ಮನದರಂಥದೇ ಕೋಟು, ಮಣಿಕಟ್ಟಿನಲ್ಲಿ ತುಂಡು ಬಟ್ಟೆ ನೇತಾಡುತ್ತಿತ್ತು. ಆ ಬೆನ್ನು ಒಮ್ಮೆಯೂ ತಿರುಗದೆ ಸಣ್ಣ ಬಾಗಿಲಿಂದ ಹೊರಗೆ ಹೋಯಿತು. ಹೀರೋಯಿನ್ನು ಗಂಡನ ಕೈ ಹಿಡಿದು, ಸತ್ತವರಿಗೆ ಸಂಬಂಧ ಇರಲ್ಲ ಎಂದಳು. ಗಂಟಿಲ್ಲ, ಲಾರಿಯ ಕೆಳಗಿಂದ ಎಳೆದದ್ದಿಲ್ಲ, ಏನೂ ಇಲ್ಲ.

"ಅಯ್ಯೋ ನಿನ್ನ ಬಾಳೇ," ಎಂದಳು ಇಸ್ತ್ರಿಯವಳು ಲಾಳಿಯಮ್ಮನಿಗೆ, ಬಾಯ್ತುಂಬ ಸಂತೋಷದಿಂದ. "ಇದೇನಾ ನಿನ್ನ ಗಂಡ? ಹೆಂಡ್ತಿ ಬಿದ್ದಿದ್ರೂ ತಿರುಗಿ ನೋಡ್ಲಿಲ್ಲವಲ್ಲೇ. ಇಂಥವನ ಜೊತೆ ದಿನಾ ಹಲ್ಲು ಕಿಸೀತೀಯ?"

ಉಳಿದವರು ನಕ್ಕರು. ಬಟ್ಟೆಯ ಗಂಟು ಹೊರುವವನು ಗುಮ್ಮನ ಬೆನ್ನಿಗೆ ತಟ್ಟಿ ಏನೋ ಕೆಟ್ಟದ್ದು ಅಂದ. ಗುಮ್ಮನಿಗೆ ಅದು ಯಾವುದೂ ಕೇಳಿಸಲಿಲ್ಲ. ಅವನು ಚಾದರದ ಎರಡು ಮೂಲೆ ಹಿಡಿದುಕೊಂಡು ಟೀವಿಯನ್ನೇ ದಿಟ್ಟಿಸುತ್ತಿದ್ದ, ಹುಬ್ಬು ಗಂಟಿಕ್ಕಿ.

"ಲೇ," ಎಂದು ಅವನು ಹೆಂಡತಿಗೆ ಪಿಸುಗುಟ್ಟಿದ. ಅಂಗಡಿಯೆಲ್ಲ ಬೆಚ್ಚಿಬಿತ್ತು. "ಅದು ನಾನಲ್ಲ ಕಣೆ. ಕಾಲು ನೋಡು, ಬಾತುಕೋಳಿ ಥರ ಹೊರಗೆ ಹಾಕ್ತಾನೆ. ಅದು ಏಜೆಂಟ."

ಲಾಳಿಯಮ್ಮ ನೋಡಿದಳು. ಹೌದು, ಏಜೆಂಟನೇ. ಜೇಬಿನಲ್ಲಿ ಬೀಗದ ಕೈಗೊಂಚಲು ಇಟ್ಟುಕೊಂಡವನ ನಡಿಗೆ.

"ಏನಂತಿದ್ದಾಳೆ ಇವಳು?" ಎಂದು ಅವನು ಇಸ್ತ್ರಿಯವಳ ಕಡೆ ಗಲ್ಲ ತೋರಿಸಿದ.

"ನಿಮ್ಮ ನಡಿಗೆ ಚೆನ್ನಾಗಿದೆಯಂತೆ," ಎಂದು ಲಾಳಿಯಮ್ಮ ತುಟಿ ಆಡಿಸಿದಳು. ಆಮೇಲೆ ಇಸ್ತ್ರಿಯವಳ ಕಡೆ ತಿರುಗಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ಅದು ಇವರಲ್ಲ. ಇವರಿಗೆ ಹಾಗೆ ಹೋಗೋಕೆ ಬರಲ್ಲ. ಎಷ್ಟು ಕಲಿಸಿದೆ, ಕಲೀಲಿಲ್ಲ."

ಚಾದರವನ್ನು ಅವಳು ಒಮ್ಮೆ ಬಿಗಿಯಾಗಿ ಎಳೆದಳು. ಅವನು ಟೀವಿ ಬಿಟ್ಟು ಅವಳ ಕಡೆ ತಿರುಗಿ ಮೂಲೆಗಳನ್ನು ಎತ್ತಿ ಹಿಡಿದ.